ಮನೋಚಿಕಿತ್ಸಕರ ಯೋಗ್ಯತಾವಿಚಾರ

ಸಿರುಗುಪ್ಪದ ಸೋದರಿಯೊಬ್ಬರು ನಮಗೆ ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಅವರ ಮಗಳು ಹದಿನೇಳು ವರ್ಷದವಳು. ಕೆಲವು ತಿಂಗಳಿಂದ ಸರಿಯಾಗಿ ಉಣ್ಣದೆ, ಗೆಳತಿಯರ ಸಂಗವನ್ನು ಬಿಟ್ಟು, ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೇ ಪುಟವನ್ನು ನೋಡುತ್ತ ಕುಳಿತಿರುವಳಂತೆ. ಬಳ್ಳಾರಿಯಲ್ಲಿ ಆಪ್ತಸಮಾಲೋಚಕರೆಂದು ಹಲಗೆ ಹಾಕಿಕೊಂಡವರೊಬ್ಬರ ಬಳಿಗೆ ಕರೆದೊಯ್ಯಬೇಕೆಂದು ಬಂಧುಗಳ ಸಲಹೆ. ಸಲಕ್ಕೆ ಸಾವಿರ ರೂಪಾಯಿಯಂತೆ ಹತ್ತು ಸಲ ಬರಬೇಕೆಂದು ಅವರ ನಿಯಮ. “ಅವರು ವೈದ್ಯರೋ ಇನ್ನಾರೋ ನಮಗೆ ತಿಳಿಯದು. ಇಂಥವರು ಇಂತಿಷ್ಟು ಓದಿರಬೇಕೆಂಬ ಕಟ್ಟಳೆ ಏನಾದರೂ ಉಂಟೆ?” ಎಂದು ಆ ತಾಯಿ ಕೇಳುತ್ತಾರೆ.

ಉಂಟೆಂದೂ ಹೇಳಬಹುದು, ಇಲ್ಲವೆಂದೂ ಹೇಳಬಹುದು. ಕಾಯಿದೆಯು ಕೆಲವು ಹೆಸರುಗಳ ಸುತ್ತ ಬೇಲಿ ಹಾಕಿದೆ, ಕೆಲವನ್ನು ಬಯಲಿನಲ್ಲಿ ಬಿಟ್ಟಿದೆ. ಮನೋವೈದ್ಯರೆಂದರೆ ಎಂ. ಬಿ. ಬಿ. ಎಸ್. ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರವನ್ನು ವಿಶೇಷವಾಗಿ ಅಭ್ಯಸಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಯಿಸಿದವರು. ಔಷಧವನ್ನು ಬರೆದುಕೊಡತಕ್ಕವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟರೆಂದು ಕರೆಯಿಸಿಕೊಳ್ಳುವ ಚಿಕಿತ್ಸಾ ಮನೋವಿಜ್ಞಾನಿಗಳು ಔಷಧವನ್ನು ಕೊಡುವವರಲ್ಲ. ಮನಸ್ಸಿನ ಪರೀಕ್ಷೆಯೂ ಮಾತಿನ ಚಿಕಿತ್ಸೆಯೂ ಅವರ ವೃತ್ತಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಅವರ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರತಕ್ಕದ್ದು. ಹಾಗಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು ಆ ಕಾಯಿದೆಯಲ್ಲಿದೆ. ದಂಡದ ಮೊತ್ತವು ಸೋದರಿಯು ಹೇಳಿದ ಒಂದು ಸಲದ ದಕ್ಷಿಣೆಗೆ ಸರಿಯಾಯಿತೆಂಬುದನ್ನು ವಾಚಕರು ಗಮನಿಸದೆ ಇರಲಾರರು.

ಮೂರನೆಯವರು ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು. ಇವರ ವಿಷಯವು ನಮ್ಮ ಗೃಹಸ್ಥರಿಗೆ ಅಷ್ಟಾಗಿ ತಿಳಿಯದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇವರ ಲಕ್ಷಣವನ್ನು ಹೇಳಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಕಾಲದ ಎಂ. ಫಿಲ್., ಅದರಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ನಡುವೆ ನಡೆದ ಶಿಕ್ಷಣ. ಆದುದರಿಂದ ಎಂ. ಎಸ್. ಡಬ್ಲ್ಯು. ಮಾತ್ರ ಓದಿದ ತರುಣನು ಎಷ್ಟೇ ಸಜ್ಜನನಾಗಿರಲಿ, ಈ ಕಾಯಿದೆಯ ದೃಷ್ಟಿಯಲ್ಲಿ ಇನ್ನೂ ಅರ್ಧದಾರಿಯಲ್ಲಿರುವನು. ಇಂಥವರನ್ನೂ ಚಿಕಿತ್ಸಾ ಮನೋವಿಜ್ಞಾನಿಗಳನ್ನೂ ಮಾನಸಿಕ ಆರೋಗ್ಯದ ದಾದಿಯರನ್ನೂ ರಾಜ್ಯದ ಪ್ರಾಧಿಕಾರವು ನೋಂದಾಯಿಸಿ ಪಟ್ಟಿಯನ್ನು ಪ್ರಕಟಿಸಬೇಕೆಂದೂ ಕಾಯಿದೆ ವಿಧಿಸಿದೆ. ಎಂ. ಫಿಲ್. ಪದವಿಯನ್ನೇ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ನಿಲ್ಲಿಸಿತು. ಈ ಎರಡು ವಿಷಯಗಳಿಗೆ ಮಾತ್ರ 2025–26ರ ಸಾಲಿನವರೆಗೆ ವಿನಾಯಿತಿಯನ್ನು ಕೊಟ್ಟಿತು. ಪದವಿಯ ಹೆಸರು ಮುಂದೆ ಏನಾದರೂ ಆಗಲಿ, ಗುರುವಿನ ಕಣ್ಣೆದುರು ರೋಗಿಗಳೊಡನೆ ಕಳೆದ ಕಾಲವೆಷ್ಟೆಂಬುದೇ ನೋಡತಕ್ಕ ವಿಷಯ.

ಇನ್ನು ‘ಆಪ್ತಸಮಾಲೋಚಕ’ ಎಂಬ ಹೆಸರು. 2021ರಲ್ಲಿ ಆರೋಗ್ಯಸಂಬಂಧವಾದ ವೃತ್ತಿಗಳಿಗಾಗಿ ಬೇರೊಂದು ಕಾಯಿದೆಯಾಯಿತು. ಸಮಾಲೋಚಕರನ್ನೂ ಚಿಕಿತ್ಸಾ ಸಾಮಾಜಿಕ ಕಾರ್ಯಕರ್ತರನ್ನೂ ಅದರಲ್ಲಿ ಸೇರಿಸಿ, ರಾಜ್ಯದ ಮಂಡಲಿಗಳು ಪಟ್ಟಿಯನ್ನಿಡಬೇಕೆಂದು ಹೇಳಿದೆ. ಆದರೂ ಹಲಗೆಯ ಮೇಲಿನ ಆ ಪದವೊಂದರಿಂದಲೇ ಒಳಗೆ ಕುಳಿತವರ ಓದು ತಿಳಿಯದು. ಎರಡು ವರ್ಷ ಆಸ್ಪತ್ರೆಯಲ್ಲಿ ಪಳಗಿದವರೂ, ಎರಡು ಭಾನುವಾರ ಉಪನ್ಯಾಸ ಕೇಳಿ ಪ್ರಮಾಣಪತ್ರ ತಂದವರೂ ಅದೇ ಪದವನ್ನು ಬರೆಯಿಸಿಕೊಳ್ಳುವರು.

ಈ ಕಟ್ಟಳೆಗಳೆಲ್ಲ ಪರದೇಶದ ಅನುಕರಣವೆಂದು ಮೂಗು ಮುರಿಯುವವರುಂಟು. ಅಮೇರಿಕೆಯಲ್ಲಿ ಇವು ಬಿಗಿಯಾಗಿರುವುದು ನಿಜ. ಕ್ಯಾಲಿಫೋರ್ನಿಯದಲ್ಲಿ ಸ್ನಾತಕೋತ್ತರ ಪದವಿಯಾದ ಮೇಲೂ 3000 ಗಂಟೆಗಳ ಮೇಲ್ವಿಚಾರಣೆಯ ಕೆಲಸ ಮಾಡಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಸಾಮಾಜಿಕ ಕಾರ್ಯಕರ್ತನಿಗೆ ಚಿಕಿತ್ಸೆಯ ಪರವಾನಗಿ ದೊರೆಯದು. ಆದರೆ ನಮ್ಮ ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯಕ್ಕೆ ವಿಶಿಖಾನುಪ್ರವೇಶನೀಯವೆಂದು ಹೆಸರು. ವಿಶಿಖೆಯೆಂದರೆ ಬೀದಿ. ವೃತ್ತಿಗಾಗಿ ಬೀದಿಗಿಳಿಯುವ ವೈದ್ಯನು ಶಾಸ್ತ್ರವನ್ನು ಓದಿ, ಅರ್ಥವನ್ನು ತಿಳಿದು, ಕರ್ಮವನ್ನು ಕಣ್ಣಾರೆ ಕಂಡು, ಸ್ವತಃ ಅಭ್ಯಾಸಮಾಡಿ, ಕಡೆಗೆ ರಾಜನ ಅನುಜ್ಞೆಯನ್ನೂ ಪಡೆದಿರಬೇಕೆಂಬುದು ಅಲ್ಲಿಯ ವಿಧಿ. ಇಂದಿನ ಕಾಯಿದೆಯಲ್ಲಿ ಇದಕ್ಕಿಂತ ಹೆಚ್ಚೇನು ಕೇಳಿದೆ?

ಆದರೆ ಒಂದು ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಇಷ್ಟೆಲ್ಲ ಓದಿದವರು ಬೆಂಗಳೂರಿನಲ್ಲಿ ನಿಲ್ಲುವರಲ್ಲದೆ ಕುರುಗೋಡಿನ ಹಳ್ಳಿಗೆ ಬರುವರೆ? ಅವರು ಬರುವ ತನಕ ರೋಗವು ಕಾದಿರುವುದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಎಂಬುದನ್ನು ನಮ್ಮವರೇ ಮರೆತಿರುವರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು 1990ರವರೆಗೆ ಒಂದು ಪ್ರಯೋಗವನ್ನು ನಡೆಸಿದರು. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿಹೋದ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮೊದಲಾದ ತಾಲ್ಲೂಕುಗಳೂ ಅದರಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ, ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ಶಿಕ್ಷಣವನ್ನು ಕೊಟ್ಟರು. ತೀವ್ರವಾದ ಚಿತ್ತವಿಕಾರ, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳನ್ನು ಗುರುತಿಸುವುದು. ಗೊತ್ತಾದ ಕೆಲವೇ ಔಷಧಗಳನ್ನು ಕೊಡುವುದು. ರೋಗಿಯ ವಿವರವನ್ನು ಬರೆದಿಡುವುದು. ಔಷಧ ಬಿಟ್ಟವರ ಮನೆಗೆ ಹೋಗಿ ವಿಚಾರಿಸುವುದು. ಇಷ್ಟೇ ಅವರ ಕೆಲಸ. ತಮ್ಮ ಕೈಗೆ ಮೀರಿದುದನ್ನು ಅವರು ಜಿಲ್ಲೆಯ ತಂಡಕ್ಕೆ ಕಳುಹಿಸುವರು. ಆ ತಂಡದಲ್ಲಿ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿ, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತ ಇದ್ದರು. ಈ ಕ್ರಮವು ನಡೆಯಬಲ್ಲುದೆಂದು ಕಂಡ ಮೇಲೆ ಭಾರತ ಸರಕಾರವು 1996ರಲ್ಲಿ ಇದೇ ಮಾದರಿಯನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ದೇಶದಲ್ಲೆಲ್ಲ ಹರಡಿತು. ಬಿಸಿಲಿಗೂ ಗಣಿಗೂ ಹೆಸರಾದ ನಮ್ಮೂರು ಮನೋವೈದ್ಯರ ಗ್ರಂಥಗಳಲ್ಲಿ ‘ಬಳ್ಳಾರಿ ಮಾದರಿ’ಯೆಂದು ಹೆಸರಾಗಿರುವುದು ಹೀಗೆ.

ಅಂದು ಹಳ್ಳಿಯ ಆರೋಗ್ಯ ಕಾರ್ಯಕರ್ತನಿಗೂ ಅಲ್ಪಕಾಲದ ಶಿಕ್ಷಣವೇ. ಇಂದು ಎರಡು ಭಾನುವಾರದ ಸಮಾಲೋಚಕನಿಗೂ ಅಲ್ಪಕಾಲದ ಶಿಕ್ಷಣವೇ. ಆದರೆ ಮೊದಲನೆಯವನಿಗೆ ತನ್ನ ಎಲ್ಲೆ ಗೊತ್ತಿತ್ತು, ಅವನ ಬೆನ್ನ ಹಿಂದೆ ಕಲಿತವರಿದ್ದರು, ಅವನ ಬರಹವನ್ನು ಮೇಲಿನವರು ನೋಡುತ್ತಿದ್ದರು. ಎರಡನೆಯವನು ಒಬ್ಬನೇ ಕೋಣೆಯಲ್ಲಿ ಕುಳಿತಿರುವನು. ರಕ್ತಹೀನತೆಯಾಗಲಿ ಥೈರಾಯ್ಡ್ ಗ್ರಂಥಿಯ ದೋಷವಾಗಲಿ ಖಿನ್ನತೆಯ ವೇಷದಲ್ಲಿ ಬರುವುದುಂಟು. ಹುಡುಗಿಯ ಮೌನದ ಹಿಂದೆ ಪ್ರಾಣಕ್ಕೆ ಎರವಾಗುವ ಸಂಕಲ್ಪವೂ ಇರಬಹುದು. ಇದನ್ನು ಕಾಣುವ ಕಣ್ಣು ದಯೆಯೊಂದರಿಂದ ಬರುವುದಿಲ್ಲ. ಮಕ್ಕಳ ಮನಸ್ಸು ತಮಗೆ ತಿಳಿದೇ ಇದೆಯೆಂಬ ಭಾವನೆ ನಮ್ಮಂಥ ಮೇಷ್ಟ್ರುಗಳಲ್ಲಿ ಬಹಳ. ತರಗತಿಯ ಮನಸ್ಸು ಬೇರೆ, ರೋಗಿಯ ಮನಸ್ಸು ಬೇರೆ.

ಆದಕಾರಣ ಯಾರ ಬಳಿಗೆ ಹೋದರೂ ಹಣ ಕೊಡುವ ಮುನ್ನ ವಿನಯದಿಂದ ಕೇಳಬೇಕು: ತಾವು ಏನು ಓದಿದಿರಿ, ಯಾವ ಆಸ್ಪತ್ರೆಯಲ್ಲಿ ಯಾರ ಕೈಕೆಳಗೆ ಪಳಗಿದಿರಿ, ನೋಂದಣಿಯ ಸಂಖ್ಯೆ ಯಾವುದು, ತಮ್ಮ ಕೈಗೆ ಮೀರಿದರೆ ಯಾರ ಬಳಿಗೆ ಕಳುಹಿಸುವಿರಿ? ಯೋಗ್ಯರಾದವರು ಇದಕ್ಕೆ ಮುನಿಯುವುದಿಲ್ಲ. ಪುನರ್ವಸತಿ ಪರಿಷತ್ತಿನ ಸಂಖ್ಯೆಯಿದ್ದರೆ ಅವರೇ ತೋರಿಸುವರು. ಕೊನೆಯ ಪ್ರಶ್ನೆಗೆ “ಯಾರೂ ಬೇಡ, ನಾನೇ ಸಾಕು” ಎಂದವರ ಮನೆಯಿಂದ ನಮಸ್ಕರಿಸಿ ಹೊರಡುವುದು ಲೇಸು.

ಸಿರುಗುಪ್ಪದ ಸೋದರಿಗೆ ನಮ್ಮ ಸೂಚನೆಯೆಂದರೆ, ಹತ್ತು ಸಲದ ಮಾತಿಗೆ ಒಪ್ಪುವ ಮೊದಲು ಮಗಳನ್ನು ಮನೋವೈದ್ಯರೊಬ್ಬರಿಗೆ ತೋರಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿಯೇ ವಿಚಾರಿಸಬಹುದು. ಬಳ್ಳಾರಿಯಲ್ಲಿ ವಿಮ್ಸ್ ಎಂದು ಜನರು ಕರೆಯುತ್ತ ಬಂದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಈ ವಿಭಾಗವುಂಟು. ಮುಂದೆ ಸಂಬಂಧ ಕೂಡುವ ಕಾಲಕ್ಕೆ ಮಾತು ಬಂದೀತೆಂದು ಅಂಜಬೇಕಾಗಿಲ್ಲ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದು 2017ರ ಕಾಯಿದೆಯೇ ಕಟ್ಟುಮಾಡಿದೆ. ಹೊರಡುವುದು ತಡವಾಗುವಂತಿದ್ದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯುಂಟು. ಸಂಖ್ಯೆ 14416, ಹಗಲೂ ಇರುಳೂ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಗಳು ಸಾವಿನ ಮಾತನ್ನು ಒಂದು ಸಲವಾದರೂ ಆಡಿದ್ದರೆ ಗೊತ್ತಾದ ದಿನಕ್ಕೆ ಕಾಯದೆ, ಅವಳನ್ನು ಒಬ್ಬಳೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಹಿಂದಿನ ಚೀಟಿಗಳನ್ನೂ, ಈಗ ಸೇವಿಸುತ್ತಿರುವ ಔಷಧಗಳೇನಾದರೂ ಇದ್ದರೆ ಅವನ್ನೂ ಜೊತೆಯಲ್ಲಿಟ್ಟುಕೊಂಡಿರಲಿ.