ಕಾರಿಗೆ ಎಂಟು ತಲೆಮಾರು, ಕೈಗಳಿಗೆ ಎಷ್ಟು?

ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ಭಾರತೀನಗರದ ಸರ್ಕಲ್ಲಿನಲ್ಲಿ, ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳ ನಡುವೆ ಒಂದು ದೊಡ್ಡ ಕಾರು ಸಿಕ್ಕಿಹಾಕಿಕೊಂಡಿತು. ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೊರಟಿದ್ದ ಕಾರು. ಹಿಂದೆ ಟ್ರ್ಯಾಕ್ಟರು, ಮುಂದೆ ಎತ್ತಿನ ಗಾಡಿ. ಅದರ ಎಂಜಿನ್ನಿನ ಸದ್ದೇ ಇರಲಿಲ್ಲ. ಆದರೂ ಅದು ಗಾಡಿಯ ಹಿಂದೆ ಮೆಲ್ಲಮೆಲ್ಲನೆ ಸರಿಯುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದ ಹಿರಿಯರೊಬ್ಬರು, ಇದೇನು ದೆವ್ವ ತಳ್ಳುತ್ತಿದೆಯೋ ಎಂದು ನಕ್ಕರು.

ನನ್ನ ಪಕ್ಕದಲ್ಲಿ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಹೇಳಿದ: "ದೆವ್ವ ಅಲ್ಲ ಮೇಷ್ಟ್ರೇ, ಲೆಕ್ಸಸ್. ಈಗ ಬ್ಯಾಟರಿ ಮೇಲೆ ಓಡ್ತಾ ಅದೆ. ಇದನ್ನ ಜೋಡ್ಸೋದು ಎಲ್ಲೋ ಜಪಾನಲ್ಲಿ ಅಂದ್ಕಂಡ್ರಾ? ಇಲ್ಲೇ ನಮ್ಮ ಬಿಡದೀಲಿ."

ಈ ಹುಡುಗ ಐ.ಟಿ.ಐ. ಮುಗಿಸಿದವನು. ಹೊರಜಿಲ್ಲೆಯ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೂರು ವರ್ಷ 'ತರಬೇತಿ' ಪಡೆದ. ಮೂರು ವರ್ಷವೂ ಅದೇ ಯಂತ್ರ, ಅದೇ ಪಾಳಿ. ಕಲಿಯಬೇಕಾದುದೆಲ್ಲ ಮೊದಲನೆಯ ತಿಂಗಳಿನಲ್ಲೇ ಮುಗಿದಿತ್ತು. ಅವಧಿ ತುಂಬಿದ ದಿನ ಕೈಗೊಂದು ಪ್ರಮಾಣಪತ್ರ ಕೊಟ್ಟು ಕಳುಹಿಸಿದರು. ಅವನ ಜಾಗಕ್ಕೆ ಮರುದಿನ ಇನ್ನೊಬ್ಬ 'ಕಲಿಯುವವನು' ಬಂದ. ಈಗ ಅವನು ತಂದೆಯ ಒಂದೂಕಾಲು ಎಕರೆ ಕಬ್ಬನ್ನು ನೋಡಿಕೊಂಡು, ಕಾರ್ಖಾನೆಯ ಕಟಾವಿನ ಆದೇಶಕ್ಕೆ ಕಾಯುತ್ತಿದ್ದಾನೆ. ಆ ಕಾರನ್ನು ಅವನು ನೋಡುತ್ತಿದ್ದ ರೀತಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಒಬ್ಬ ಕಸಬುದಾರನು ಇನ್ನೊಬ್ಬರ ಒಳ್ಳೆಯ ಕೆಲಸವನ್ನು ನೋಡುವ ಗೌರವವಿತ್ತು. ಅದರಿಂದಲೇ ಈ ಕಾರಿನ ವಂಶಾವಳಿಯನ್ನು ನಾನು ಕೊಂಚ ವಿಚಾರಿಸಿದೆ. ನಮ್ಮ ಗಿರಣಿ ಬಂಧುಗಳೂ ಅಂಗಡಿ ಬಂಧುಗಳೂ ಅದನ್ನು ತಿಳಿದಿರುವುದು ಒಳ್ಳೆಯದು.

ಕಥೆ ಮೋಟಾರಿನಿಂದ ಆರಂಭವಾಗುವುದಿಲ್ಲ, ಮಗ್ಗದಿಂದ ಆರಂಭವಾಗುತ್ತದೆ. ಜಪಾನಿನಲ್ಲಿ ಸಕಿಚಿ ಟೊಯೊಡ ಎಂಬ ಬಡಗಿಯ ಮಗನಿದ್ದ. ನೂಲು ತುಂಡಾದ ಕೂಡಲೇ ತಾನಾಗಿಯೇ ನಿಂತುಬಿಡುವ ಮಗ್ಗವನ್ನು ಆತ ಕಟ್ಟಿದ. 1926ರಲ್ಲಿ ಮಗ್ಗದ ಕಂಪನಿಯಾಯಿತು. 1929ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಕಂಪನಿಗೆ ಮಾರಿದರು. ಮಗ ಕಿಚಿರೊ ಮೋಟಾರಿನ ಪ್ರಯೋಗಕ್ಕೆ ಇಳಿದ. 1937ರಲ್ಲಿ ಟೊಯೊಟ ಮೋಟಾರು ಕಂಪನಿ ಹುಟ್ಟಿತು. ನಮ್ಮ ಕಡೆಯ ಪಾಲುದಾರರ ಕಥೆಯೂ ಹೆಚ್ಚು ಬೇರೆಯಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು. ಈ ಎರಡು ಮನೆತನಗಳು ಕರ್ನಾಟಕದಲ್ಲಿ ಮೊದಲು ಕೂಡಿದುದೂ 1995ರಲ್ಲಿ, ನೂಲಿನ ಗಿರಣಿಯ ಯಂತ್ರಗಳಿಗಾಗಿಯೇ. 1997ರಲ್ಲಿ ಮೋಟಾರು ಕಂಪನಿ ಆಯಿತು. 2000ದ ಜನವರಿಯಲ್ಲಿ ಬಿಡದಿಯ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಆ ಗಾಡಿಯಲ್ಲಿ ಮದುವೆಯ ದಿಬ್ಬಣ ಹೋಗದ ಊರು ನಮ್ಮ ಜಿಲ್ಲೆಯಲ್ಲಿ ಇರಲಾರದು.

ಇನ್ನು ಆ ಸಂಜೆ ಕಂಡ ಕಾರು. ಅದು ಲೆಕ್ಸಸ್ ಇ.ಎಸ್. 1989ರಲ್ಲಿ ಅಮೆರಿಕದ ಸಾಹುಕಾರರಿಗಾಗಿ ಮೊದಲನೆಯ ತಲೆಮಾರು ಹುಟ್ಟಿತು. ಟೊಯೊಟದ್ದೇ ಆದ ಕ್ಯಾಮ್ರಿ ಕಾರಿಗೆ ಒಳ್ಳೆಯ ಅಂಗಿ ತೊಡಿಸಿದಂತಿತ್ತು. ಆರು ಸಿಲಿಂಡರಿನ ಎರಡೂವರೆ ಲೀಟರಿನ ಎಂಜಿನ್ನು. 1991ರಲ್ಲಿ ಎರಡನೆಯ ತಲೆಮಾರು, ಮೂರು ಲೀಟರು. 1996ರಲ್ಲಿ ಮೂರನೆಯದು, 2001ರಲ್ಲಿ ನಾಲ್ಕನೆಯದು. 2006ರ ಐದನೆಯ ತಲೆಮಾರಿಗೆ ಎಂಜಿನ್ನು ಮೂರೂವರೆ ಲೀಟರಿಗೆ ಬೆಳೆದಿತ್ತು. ಪ್ರತಿ ತಲೆಮಾರಿಗೂ ಹೊಟ್ಟೆ ದೊಡ್ಡದಾಗುತ್ತ ಹೋಯಿತು. ದೊಡ್ಡವರ ಮನೆಯ ರೀತಿಯೇ ಹಾಗೆ.

ಆದರೆ ಆರನೆಯ ತಲೆಮಾರಿನಲ್ಲಿ, 2012ರಲ್ಲಿ, ಕಥೆ ಹೊರಳಿತು. ನಾಲ್ಕು ಸಿಲಿಂಡರಿನ ಎರಡೂವರೆ ಲೀಟರಿನ ಎಂಜಿನ್ನಿಗೆ ವಿದ್ಯುತ್ ಮೋಟಾರನ್ನು ಜೋಡಿಸಿದ ಹೈಬ್ರಿಡ್ ಕಾರೂ ಬಂತು. 2018ರಲ್ಲಿ ಏಳನೆಯ ತಲೆಮಾರು. ನಮ್ಮ ದೇಶಕ್ಕೆ ಬಂದುದು ಅದರ ಹೈಬ್ರಿಡ್. ಬ್ರೇಕು ಒತ್ತಿದಾಗ ಹಾಳಾಗಿ ಹೋಗುತ್ತಿದ್ದ ಶಕ್ತಿಯನ್ನು ಅದು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಸಕ್ಕರೆ ಕಾರ್ಖಾನೆಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಸಿಪ್ಪೆಯನ್ನು ಎಸೆಯದೆ ಬಾಯ್ಲರಿಗೆ ಹಾಕಿ ವಿದ್ಯುತ್ತು ತೆಗೆಯುವ ಬುದ್ಧಿ ಇದೆಯಲ್ಲ, ಅದೇ ಬುದ್ಧಿ. ಸರ್ಕಾರಿ ಪರೀಕ್ಷೆಯ ಲೆಕ್ಕದಲ್ಲಿ ಆ ಭಾರಿ ಕಾರು ಲೀಟರಿಗೆ 22 ಕಿಲೋಮೀಟರಿಗಿಂತ ಹೆಚ್ಚು ಓಡುತ್ತದೆ. 2025ರಲ್ಲಿ ಎಂಟನೆಯ ತಲೆಮಾರನ್ನು ಷಾಂಘೈಯಲ್ಲಿ ತೋರಿಸಿದರು. ಅದರಲ್ಲಿ ಪೆಟ್ರೋಲೇ ಬೇಡದ, ಪೂರ್ತಿ ವಿದ್ಯುತ್ತಿನ ಕಾರೂ ಇದೆ. ಮೂವತ್ತಾರು ವರ್ಷಗಳಲ್ಲಿ ಎಂಟು ತಲೆಮಾರು!

ಇಲ್ಲಿ ನಮ್ಮ ಪಾಳೆಯದವರೂ ಒಂದು ಮಾತನ್ನು ಒಪ್ಪಬೇಕು. 1950ರ ದಶಕದ ಕೊನೆಯಿಂದ 2014ರ ತನಕ ನಮ್ಮ ದೇಶದಲ್ಲಿ ಅಂಬಾಸಿಡರ್ ಕಾರು ಬಂತು. ಅದರ ಮೂತಿ ನಾಲ್ಕಾರು ಸಲ ಬದಲಾಯಿತು, ಮೈ ಬದಲಾಗಲಿಲ್ಲ. ಸ್ಪರ್ಧೆಯಿಲ್ಲದ ಪೇಟೆಯಲ್ಲಿ ಅದನ್ನು ಮಾಡಿದವರೂ ಖಾಸಗಿ ಬಂಡವಾಳಗಾರರೇ. ಕೊಳ್ಳುವವನು ವರ್ಷಗಟ್ಟಲೆ ಸರದಿಯಲ್ಲಿ ಕಾದ. ಲಾಭ ಅವರ ಮನೆಗೆ ಹೋಯಿತು, ಹೆಸರು ಕೆಟ್ಟದ್ದು ಮಾತ್ರ ಸಮಾಜವಾದದ್ದು. ಯಂತ್ರ ಸುಧಾರಿಸಬಾರದೆಂದು ಯಾವ ಸಮಾಜವಾದಿಯೂ ಹೇಳಿಲ್ಲ. ಸುಧಾರಣೆಯ ಫಲ ಯಾರಿಗೆ ಎಂಬುದೇ ನಮ್ಮ ಪ್ರಶ್ನೆ.

ವಿಲಾಸದ ಕಾರಿನಿಂದ ಬಡವನಿಗೇನು ಲಾಭ ಎಂದು ಕೇಳುವವರಿಗೆ ಪಂಡಿತರು ಒಂದು ಉತ್ತರ ಕೊಡುತ್ತಾರೆ: ಇಂದು ಸಾಹುಕಾರನ ಕಾರಿನಲ್ಲಿ ಇರುವುದು ನಾಳೆ ಎಲ್ಲರ ಕಾರಿಗೂ ಇಳಿಯುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪಘಾತವಾದಾಗ ಎದೆಯ ಮುಂದೆ ಉಬ್ಬುವ ಗಾಳಿಚೀಲವೂ, ಚಕ್ರ ಜಾರದಂತೆ ಬ್ರೇಕನ್ನು ಹಿಡಿದು ಬಿಡುವ ಎ.ಬಿ.ಎಸ್. ಎಂಬ ಏರ್ಪಾಡೂ ಒಂದು ಕಾಲಕ್ಕೆ ದೊಡ್ಡ ಕಾರುಗಳ ಸೊತ್ತು. ಅವು ನಮ್ಮ ದೇಶದ ಸಣ್ಣ ಕಾರಿಗೆ ಇಳಿದುದು ಹೇಗೆ? ವ್ಯಾಪಾರಿಯ ಕರುಣೆಯಿಂದ ಅಲ್ಲ. ಚಾಲಕನ ಗಾಳಿಚೀಲವೂ ಎ.ಬಿ.ಎಸ್.ಉ ಎಲ್ಲ ಕಾರಿಗೂ ಕಡ್ಡಾಯವೆಂದು ಕಾನೂನು ಬಂದ ಮೇಲೆ, 2019ರಲ್ಲಿ. ಅದಕ್ಕೆ ಮೊದಲು ಅದೇ ಕಂಪನಿಗಳು, ಅದನ್ನು ಹಾಕಿದರೆ ಬೆಲೆ ಏರುತ್ತದೆ, ಜನ ಕೊಳ್ಳುವುದಿಲ್ಲ ಎನ್ನುತ್ತಿದ್ದವು. ನೀರು ತಾನಾಗಿ ತಗ್ಗಿಗೆ ಹರಿಯುತ್ತದೆ. ಸೌಕರ್ಯ ಹಾಗೆ ಹರಿಯುವುದಿಲ್ಲ. ಅದಕ್ಕೆ ತೂಬು ಎತ್ತುವವರು ಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿ, ಹೇಳುತ್ತಾರೆ.

ಬೆಲೆಯ ಲೆಕ್ಕವನ್ನೂ ನೋಡೋಣ. 2018ರಲ್ಲಿ ಈ ಕಾರು ಹೊರದೇಶದಿಂದ ಪೂರ್ತಿಯಾಗಿ ಬಂದಿಳಿದಾಗ ಬೆಲೆ 59 ಲಕ್ಷ ರೂಪಾಯಿ ದಾಟಿತ್ತು. 2020ರ ಜನವರಿಯಲ್ಲಿ ಬಿಡದಿಯಲ್ಲೇ ಜೋಡಣೆ ಆರಂಭವಾದಾಗ 51 ಲಕ್ಷ 90 ಸಾವಿರದಿಂದ ಎಂದರು. ಸುಮಾರು ಏಳು ಲಕ್ಷ ಇಳಿಯಿತು. ಪೂರ್ತಿ ಕಾರಿಗಿಂತ ಬಿಡಿಭಾಗಗಳಿಗೆ ಸುಂಕ ಕಡಿಮೆ. ಅದೇ ಮುಖ್ಯ ಕಾರಣ. ಆದರೆ ಆ ಬಿಡಿಭಾಗಗಳು ತಾವೇ ಕೂಡಿಕೊಳ್ಳಲಿಲ್ಲ. ಕೂಡಿಸಿದ ಕೈಗಳು ರಾಮನಗರ, ಮಂಡ್ಯ, ಹಾಸನ, ತುಮಕೂರಿನ ಕಡೆಯ ಹುಡುಗರ ಕೈಗಳಂಥವು. ಅದೇ ವರ್ಷ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ್ದ ಬೆಲೆ ಟನ್ನಿಗೆ 2,750 ರೂಪಾಯಿ. ಭಾಗಿಸಿ ನೋಡಿ: ಒಂದು ಕಾರಿಗೆ ಸುಮಾರು 1,887 ಟನ್ನು ಕಬ್ಬು. ಎಕರೆಗೆ ನಲವತ್ತು ಟನ್ನು ಹಿಡಿದರೆ ನಲವತ್ತೇಳು ಎಕರೆಯ ಬೆಳೆ, ಅದೂ ಖರ್ಚು ಕಳೆಯದೆ. ಇಷ್ಟರ ಮೇಲೆ, ಆ ಕಾರು ಕುಡಿಯುವ ಪೆಟ್ರೋಲಿನಲ್ಲಿ ಈಗ ಐದರಲ್ಲಿ ಒಂದು ಪಾಲು ಎಥನಾಲು. ಅದರಲ್ಲಿ ಕಬ್ಬಿನದೂ ಇದೆ. ಕಾರಿನ ಹೊಟ್ಟೆಗೂ ನಮ್ಮ ಹೊಲವೇ ಬೇಕಾಯಿತು!

ಅದೇ 2020ರ ನವೆಂಬರಿನಲ್ಲಿ ಬಿಡದಿಯ ಕಾರ್ಖಾನೆಯ ಬಾಗಿಲು ಮುಚ್ಚಿತು. ಕೆಲಸದ ಹೊರೆ ತಾಳಲಾರದಷ್ಟು ಹೆಚ್ಚಿದೆ ಎಂದು ಕಾರ್ಮಿಕ ಸಂಘ ಹೇಳಿತು. ಸಂಘದ ಒಬ್ಬ ಪದಾಧಿಕಾರಿಯನ್ನು ಅಮಾನತು ಮಾಡಿದರು; ಆಡಳಿತದವರು ಅದನ್ನು ಅಶಿಸ್ತಿನ ಪ್ರಶ್ನೆ ಎಂದರು. ಕಾರ್ಮಿಕರು ಕುಳಿತು ಮುಷ್ಕರ ಹೂಡಿದರು, ಕಂಪನಿ ಲಾಕೌಟ್ ಸಾರಿತು. ರಾಜ್ಯ ಸರ್ಕಾರ ಮುಷ್ಕರವನ್ನೂ ಲಾಕೌಟನ್ನೂ ಒಂದೇ ಆಜ್ಞೆಯಲ್ಲಿ ನಿಷೇಧಿಸಿತು. ಆದರೂ ವಿವಾದ 2021ರ ಮಾರ್ಚಿನ ತನಕ ಎಳೆಯಿತು. ಅಷ್ಟರಲ್ಲಿ ಅಮಾನತಾದವರು ಅರವತ್ತಕ್ಕೂ ಹೆಚ್ಚು ಮಂದಿ.

ಇಲ್ಲಿ ನನಗೆ ಆ ಮಗ್ಗದ ನೆನಪಾಗುತ್ತದೆ. ನೂಲು ತುಂಡಾದರೆ ನಿಲ್ಲುವ ಮಗ್ಗದ ತತ್ತ್ವವನ್ನೇ ಟೊಯೊಟದವರು ಮೋಟಾರು ಕಾರ್ಖಾನೆಗೂ ತಂದರು. ಜೋಡಣೆಯ ಸಾಲಿನಲ್ಲಿ ನಿಂತ ಕೆಲಸಗಾರನ ಕೈಗೆಟಕುವಂತೆ ಒಂದು ಹಗ್ಗವಿರುತ್ತದೆ. ಕಾರಿನಲ್ಲಿ ದೋಷ ಕಂಡರೆ ಅದನ್ನು ಎಳೆಯಬಹುದು; ಬೇಕಾದರೆ ಸಾಲೇ ನಿಲ್ಲುತ್ತದೆ. ಜಗತ್ತಿನ ಮ್ಯಾನೇಜರುಗಳೆಲ್ಲ ಈ ಏರ್ಪಾಡನ್ನು ಹೊಗಳುತ್ತಾರೆ. ಹೊಗಳತಕ್ಕದ್ದೇ. ಕೆಳಗೆ ನಿಂತವನ ಕಣ್ಣಿಗೆ ಬೆಲೆ ಕೊಟ್ಟ ಏರ್ಪಾಡು ಅದು. ಆದರೆ ಕಾರಿನ ದೋಷಕ್ಕೆ ಹಗ್ಗವಿದ್ದರೆ, ಕೆಲಸಗಾರನ ಬೆನ್ನಿನ ನೋವಿಗೆ ಹಗ್ಗವೆಲ್ಲಿದೆ? ಬಾಗಿಲಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ಸಾಲು ನಿಲ್ಲಬೇಕು. ಸಂಸಾರದ ನೂಲು ತುಂಡಾದರೆ ಮಾತ್ರ ಸಾಲು ನಿಲ್ಲಿಸಿದವನು ಅಪರಾಧಿ. ಇದು ಬಿಡದಿಯ ಒಂದು ಕಾರ್ಖಾನೆಯ ಪ್ರಶ್ನೆಯಲ್ಲ; ಅಕ್ಕಿ ಗಿರಣಿಯ ಹಮಾಲಿಯದೂ ಸಕ್ಕರೆ ಕಾರ್ಖಾನೆಯ ಸುಗ್ಗಿಯ ಕೂಲಿಯವನದೂ ಅದೇ ಪ್ರಶ್ನೆ. ಆ ಹಗ್ಗದ ಹೆಸರೇ ಸಂಘ.

ಅಂಗಡಿಯ ಬಂಧುಗಳು, ಇದು ಕಾರ್ಮಿಕರ ಮಾತು, ನಮಗೇನು ಎನ್ನಬಾರದು. ಇಂಥ ಕಾರುಗಳು ನೂರಾರು ಕಿಲೋಮೀಟರ್ ವೇಗಕ್ಕೆ ಹುಟ್ಟಿದವು. ಅವಕ್ಕೆ ತಕ್ಕ ರಸ್ತೆ ಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಪಘಾತಗಳ ಸಾವು ಹೆಚ್ಚಿತ್ತು. ಆ ಕಾರಣ ನಿಜವೇ. ಆದರೆ ಹೊಲ ಬಿಟ್ಟುಕೊಟ್ಟ ರೈತನ ಟ್ರ್ಯಾಕ್ಟರು ಸರ್ವಿಸ್ ರಸ್ತೆಯ ಗುಂಡಿಯಲ್ಲಿ. ಮೇಲೆ ಕಾರು ಹಾರಿಹೋಗುತ್ತದೆ. ಮದ್ದೂರಿನ ವಡೆಯ ಹೋಟೆಲುಗಳು, ಚನ್ನಪಟ್ಟಣದ ಬೊಂಬೆಯ ಅಂಗಡಿಗಳು, ಎಳನೀರಿನ ಗಾಡಿಗಳು — ಇವುಗಳ ಮುಂದೆ ನಿಲ್ಲುತ್ತಿದ್ದ ಗಿರಾಕಿ ಈಗ ಬೈಪಾಸಿನ ಮೇಲಿದ್ದಾನೆ. ಕಾರಿನ ಪ್ರತಿ ತಲೆಮಾರೂ ವೇಗವನ್ನು ಹೆಚ್ಚಿಸುತ್ತದೆ. ವೇಗ ಹೆಚ್ಚಿದಷ್ಟೂ ನಡುವಣ ಊರುಗಳು ಕಾಣದಾಗುತ್ತವೆ.

ಸಾಹುಕಾರರು ತೆರಿಗೆ ಕೊಡುತ್ತಾರಲ್ಲ ಎನ್ನುವವರಿದ್ದಾರೆ. ಕೊಡುತ್ತಾರೆ. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲು ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಬೆಲೆಯ 18%. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಜಿ.ಎಸ್.ಟಿ. 40%, ಹಿಂದೆ ಸೆಸ್ಸು ಸೇರಿ ಇನ್ನೂ ಹೆಚ್ಚಿತ್ತು, ಅವರಿಗೂ ರಿಯಾಯಿತಿ ಸಿಕ್ಕಿದಂತಾಯಿತು. ತೆರಿಗೆ ಬರಲಿ, ಸಂತೋಷ. ಆ ಹಣದಲ್ಲಿ ಸರ್ವಿಸ್ ರಸ್ತೆಯ ಗುಂಡಿ ಮುಚ್ಚಲಿ. ಮದ್ದೂರು-ಮಳವಳ್ಳಿ ದಾರಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಬಸ್ಸು ಬರಲಿ. ನಮಗೆ ಬೇಕಾದ ಸವಾರಿ ಅದು.

ಹಾಗಾದರೆ ಮಾಡಬೇಕಾದುದೇನು? ಕಾರಿಗೆ ಕಲ್ಲು ಹೊಡೆಯುವುದಲ್ಲ. ಅದನ್ನು ಕಟ್ಟಿದವರು ನಮ್ಮ ತಮ್ಮಂದಿರು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುನ್ನೂರಕ್ಕಿಂತ ಕಡಿಮೆ ಮಂದಿಯ ಕಾರ್ಖಾನೆ ಸರ್ಕಾರದ ಅಪ್ಪಣೆಯಿಲ್ಲದೆ ಕೆಲಸಗಾರರನ್ನು ತೆಗೆಯಬಹುದೆಂಬ ಕೊಡಲಿ ಅದರಲ್ಲಿದೆ. ಹಿಂದೆ ಈ ಮಿತಿ ನೂರು ಇತ್ತು. ಅದನ್ನು ವಿರೋಧಿಸಲೇಬೇಕು. ಆದರೆ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಪತ್ರ ಕೊಡಬೇಕೆಂಬ ಮಾತೂ, ಗೊತ್ತಾದ ಅವಧಿಗೆ ನೇಮಕವಾದವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂಬ ಮಾತೂ ಅದರಲ್ಲೇ ಇದೆ. ಬರೆದಿರುವುದನ್ನು ಕೇಳಿ ಪಡೆಯುವುದು ಮೊದಲನೆಯ ಕೆಲಸ. ನಿಮ್ಮ ಮಗ ಹೊರಗೆ ಕೆಲಸಕ್ಕೆ ಹೋಗುವಾಗ ಸಂಬಳ ಎಷ್ಟು ಎಂದು ಮಾತ್ರ ಕೇಳಬೇಡಿ; ಪತ್ರದಲ್ಲಿ ಏನು ಬರೆದಿದೆ ಎಂದೂ ಕೇಳಿ. 'ತರಬೇತಿ' ಎಂದು ಬರೆದಿದ್ದರೆ, ಎಷ್ಟು ದಿನ, ಆಮೇಲೆ ಏನು ಎಂದು ಕೇಳಿ. ಉತ್ತರ ಸಿಗದಿದ್ದರೆ ಒಬ್ಬೊಬ್ಬರಾಗಿ ಹಿಂದಿರುಗಬೇಡಿ, ಹತ್ತು ಮಂದಿ ಕೂಡಿ ಕೇಳಿ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈಯೂ ಬಾಯಿಯೂ ಒಂದೇ ಮೈಯದ್ದಾಗಿದ್ದ ಕಾಲದ ಗಾದೆ ಅದು. ಈಗ ಕೈ ಒಬ್ಬನದು, ಬಾಯಿ ಇನ್ನೊಬ್ಬನದು.

ಆ ಸಂಜೆ ಎತ್ತಿನ ಗಾಡಿ ಪಕ್ಕಕ್ಕೆ ಸರಿಯಿತು. ಕಾರು ಸದ್ದಿಲ್ಲದೆ ಮುಂದೆ ಹೋಯಿತು. ನನ್ನ ವಿದ್ಯಾರ್ಥಿ ಟೀ ಲೋಟ ಕೆಳಗಿಟ್ಟು ಹೇಳಿದ: "ಒಂಬತ್ತನೇ ತಲೆಮಾರೂ ಬತ್ತದೆ ಮೇಷ್ಟ್ರೇ. ಆಗ್ಲಾದ್ರೂ ನಾವು ಟ್ರೈನಿಗಳಾಗೇ ಇರ್ತೀವಾ?" ನಾನು ಉತ್ತರ ಹೇಳಲಿಲ್ಲ. ಪಾಠ ಹೇಳುವವನು ಒಬ್ಬನೇ ಕೊಡಬಹುದಾದ ಉತ್ತರ ಅದಲ್ಲ.