ನಾವು ದಾಳಗಳಲ್ಲ, ಕಾಲಾಳುಗಳು



ಚುನಾವಣೆ ಬಂದಾಗಲೆಲ್ಲ ನಮ್ಮ ಹುಡುಗರು ಒಂದು ಮಾತು ಬರೀತಾರೆ: "ನಾವು ಬರೀ ಚದುರಂಗದ ದಾಳಗಳು ಅಣ್ಣ, ಆಡ್ಸೋರು ಆಡಿಸ್ತಾರೆ." ಸಿಟ್ಟು ನಿಜ, ಮಾತು ಸರಿಯಿಲ್ಲ. ಈಗ ನಾವು ಆಡೋ ಚದುರಂಗದಲ್ಲಿ ದಾಳವೇ ಇಲ್ಲ. ದಾಳ ಇರೋದು ಪಗಡೆಯಲ್ಲಿ, ಎಸೆದ್ರೆ ಹೇಗೋ ಬೀಳುತ್ತೆ. ಚದುರಂಗದಲ್ಲಿ ಇರೋದು ಕಾಯಿ. ಒಂದೊಂದು ಕಾಯಿಗೂ ಅದರದೇ ನಡೆ, ಅದರದೇ ಬಲ. ನಮ್ಮನ್ನು ಹೋಲಿಸಲೇಬೇಕು ಅಂದ್ರೆ ಕಾಲಾಳಿಗೆ ಹೋಲಿಸಿ. ಆದ್ರೆ ಅದರ ಶಕ್ತಿ ಏನು ಅಂತ ಮೊದಲು ತಿಳ್ಕೊಳ್ಳಿ.

ಆಟ ಕಲಿಸೋರು ಒಂದು ಲೆಕ್ಕ ಹೇಳಿಕೊಡ್ತಾರೆ. ಮಂತ್ರಿಗೆ 9, ಆನೆಗೆ 5, ಒಂಟೆಗೆ 3, ಕುದುರೆಗೆ 3, ಕಾಲಾಳಿಗೆ 1. (ಟಿವಿಯವರು ಕ್ವೀನ್ ಅನ್ನೋದನ್ನೇ ನಾವು ಮಂತ್ರಿ ಅಂತೀವಿ.) ಇದು ಆಟದ ನಿಯಮ ಅಲ್ಲ, ಅನುಭವದ ಅಂದಾಜು ಅಷ್ಟೇ. ಪಟದ ನಡುವೆ ನಿಂತ ಕುದುರೆಗೆ ಹಾರೋಕೆ 8 ಮನೆ ಇರುತ್ತೆ, ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ. ಕುದುರೆ ಅದೇ, ನಿಲ್ಲಿಸಿದ ಜಾಗ ಬೇರೆ. ಮೆರಿಟ್ ಮೆರಿಟ್ ಅಂತ ಭಾಷಣ ಬಿಗಿಯೋರು ಇದನ್ನ ಸ್ವಲ್ಪ ಯೋಚಿಸಬೇಕು.

ಇನ್ನು ಕಾಲಾಳು. ಮೊದಲ ನಡೆಯಲ್ಲಿ ಬೇಕಾದ್ರೆ ಎರಡು ಮನೆ, ಆಮೇಲೆ ಒಂದೊಂದೇ. ನೇರ ನಡೆಯುತ್ತೆ, ಓರೆಯಾಗಿ ಹೊಡೆಯುತ್ತೆ, ಹಿಂದಕ್ಕೆ ಬರೋ ಹಾಗಿಲ್ಲ. ಒಂಟಿಯಾಗಿ ಸಿಕ್ಕಿದ್ರೆ ಸುಲಭದ ತುತ್ತು. ಅದರ ಬಲ ಇರೋದು ಪಕ್ಕದವನಲ್ಲಿ. ಪಕ್ಕದ ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ಇನ್ನೊಬ್ಬ ಕಾಲಾಳು ನಿಂತಿದ್ರೆ, ಮುಂದಿನವನನ್ನು ಮುಟ್ಟೋಕೆ ಮಂತ್ರಿಯೂ ಹತ್ತು ಸಲ ಯೋಚಿಸಬೇಕು. 1749ರಲ್ಲೇ ಫ್ರಾನ್ಸಿನ ಫಿಲಿಡಾರ್ ತನ್ನ ಪುಸ್ತಕದಲ್ಲಿ ಇದನ್ನೇ ವಾದಿಸಿದ: ಸೋಲು ಗೆಲುವು ನಿಂತಿರೋದು ಕಾಲಾಳುಗಳ ಜೋಡಣೆ ಮೇಲೆ ಅಂತ.

ಆದ್ರೆ ಇಬ್ಬರು ಕಾಲಾಳುಗಳು ಒಂದೇ ದಾರಿಯಲ್ಲಿ, ಒಬ್ಬನ ಹಿಂದೆ ಒಬ್ಬ ನಿಂತರೆ? ನೋಡೋಕೆ ಒಗ್ಗಟ್ಟು. ಆದ್ರೆ ಒಬ್ಬರನ್ನೊಬ್ಬರು ಕಾಯೋಕಾಗಲ್ಲ, ಯಾಕಂದ್ರೆ ಕಾಲಾಳು ನೇರಕ್ಕೆ ಹೊಡೆಯಲ್ಲ. ಮುಂದಿನವನು ನಿಂತುಬಿಟ್ರೆ ಹಿಂದಿನವನೂ ನಿಂತ. ಹಾರಿ ಮುಂದೆ ಹೋಗೋ ಹಾಗೂ ಇಲ್ಲ.

ಒಳಮೀಸಲಾತಿ ಬೇಡ ಅನ್ನೋರಿಗೆ ನಾನು ತೋರಿಸಬೇಕು ಅಂದುಕೊಂಡಿದ್ದು ಇದನ್ನೇ. ನಾನು ಬಲಗೈ ಸಮುದಾಯದವನು, ನಮ್ಮವರಿಗೇ ಹೇಳ್ತಿದ್ದೀನಿ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಅಷ್ಟನ್ನೂ ಒಂದೇ ದಾರಿಯಲ್ಲಿ ನಿಲ್ಲಿಸಿ "ಇದೇ ಒಗ್ಗಟ್ಟು" ಅಂದ್ರೆ, ಮೊದಲು ಓದಿಕೊಂಡವರು ಮುಂದೆ, ಉಳಿದವರು ನಮ್ಮ ಬೆನ್ನು ನೋಡ್ಕೊಂಡು ನಿಲ್ಲಬೇಕಾ? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂತ ಹೇಳಿದಾಗ ನಮ್ಮವರೇ ಕೆಲವರು "ಒಡೆದ್ರು, ಒಡೆದ್ರು" ಅಂತ ಕೂಗಿದ್ರು. ಒಡೆದಿದ್ದಲ್ಲ ಸ್ವಾಮಿ. ಹಿಂದೆ ಇದ್ದವನಿಗೆ ಪಕ್ಕದಲ್ಲಿ ಅವನದೇ ದಾರಿ ಬಿಟ್ಟುಕೊಟ್ಟಿದ್ದು. ಪಕ್ಕದಲ್ಲಿ ಇದ್ರೇನೇ ಅವನು ನಮ್ಮನ್ನು ಕಾಯೋದು, ನಾವು ಅವನನ್ನು ಕಾಯೋದು.

ಅಲೆಮಾರಿ ಬಂಧುಗಳ ಕೂಗೂ ಇದೇ. ನಾಗಮೋಹನದಾಸ್ ಆಯೋಗ ಅವರಿಗೆ ಪ್ರತ್ಯೇಕವಾಗಿ ಶೇ 1 ಕೊಡಿ ಅಂತ ಶಿಫಾರಸು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಚಿವ ಸಂಪುಟ ಶೇ 17ನ್ನು 6, 6, 5 ಅಂತ ಹಂಚಿ, ಅವರನ್ನು ತಮಗಿಂತ ದೊಡ್ಡ, ಬಲವಾದ ಸಮುದಾಯಗಳ ಜೊತೆ ಶೇ 5ರೊಳಗೆ ಸೇರಿಸಿತು. ಮತ್ತೆ ಅವರು ಇನ್ನೊಬ್ಬರ ಬೆನ್ನ ಹಿಂದೆ. ಎಡಗೈ ಬಲಗೈ ಎರಡೂ ಸೇರಿ ಅವರ ಪರ ನಿಲ್ಲದಿದ್ರೆ ನಮ್ಮ ಬಾಯಲ್ಲಿ ಸಮಾನತೆಯ ಮಾತು ಬರಬಾರದು.

ಚದುರಂಗ ನಮ್ಮ ಬದುಕಿಗೆ ಪೂರ್ತಿ ಹೊಂದಲ್ಲ, ಗೊತ್ತು. ಅಲ್ಲಿ ರಾಜನನ್ನು ಉಳಿಸೋಕೆ ಯಾವ ಕಾಲಾಳನ್ನಾದ್ರೂ ಬಲಿ ಕೊಡಬಹುದು. ನಾವು ಯಾರನ್ನೂ ಕೊಡೋ ಹಾಗಿಲ್ಲ, ಕಾಪಾಡೋಕೆ ನಮಗೆ ರಾಜನೂ ಬೇಕಿಲ್ಲ.

ಆದ್ರೂ ಒಂದು ನಿಯಮ ನೆನಪಿರಲಿ. ಕೊನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿ ಆಗಬಹುದು. ಹುಟ್ಟಿದ್ದೆಲ್ಲಿ ಅಂತ ಅಲ್ಲಿ ಯಾರೂ ಕೇಳಲ್ಲ. ಇದನ್ನ ಎಲ್ಲರೂ ಹೇಳ್ತಾರೆ. ಆದ್ರೆ ಕಾಲಾಳಾಗಿದ್ದಾಗ ಇಲ್ಲದ ಒಂದು ಶಕ್ತಿ ಅದಕ್ಕೆ ಆಗ ಬರುತ್ತೆ, ಹಿಂದಕ್ಕೆ ನಡೆಯೋದು. ನೌಕರಿ ಹಿಡಿದ, ಅಧಿಕಾರಕ್ಕೇರಿದ ಅಣ್ಣಂದಿರೇ, ಅಕ್ಕಂದಿರೇ, ಆ ನಡೆ ಈಗ ನಿಮ್ಮ ಕೈಯಲ್ಲಿದೆ. ನಿಮ್ಮ ಕೇರಿಯಲ್ಲಿ, ಪಕ್ಕದ ಅಲೆಮಾರಿಗಳ ಟೆಂಟಿನಲ್ಲಿ ಜಾತಿ ಪ್ರಮಾಣಪತ್ರ ಇಲ್ಲದ ಮಕ್ಕಳು ಎಷ್ಟಿದ್ದಾರೆ ಅಂತ ಈ ಭಾನುವಾರ ಹೋಗಿ ಕೇಳಿ. ಅರ್ಜಿ ಬರೆದುಕೊಡಿ.

ಜೈ ಭೀಮ್.