ಯಲಹಂಕದ ಚಿಕ್ಕ ರೈಲು

ಆಫ್ರಿಕದ ಪಶ್ಚಿಮ ತೀರದಲ್ಲಿರುವ ಸಿಯೆರಾ ಲಿಯೋನ್ ಎಂಬ ದೇಶದ ವೃತ್ತಾಂತವೊಂದು ನಮ್ಮ ಯಲಹಂಕ, ದೇವನಹಳ್ಳಿಗಳ ಮಹಾಜನರು ಅವಶ್ಯವಾಗಿ ಕೇಳತಕ್ಕುದಾಗಿದೆ. ಅಲ್ಲಿ ಬ್ರಿಟಿಷರು ಹಾಕಿದ್ದ ರೈಲುದಾರಿಯು 1974ರ ಸುಮಾರಿಗೆ ಮುಚ್ಚಿಹೋಯಿತು. ಹಳಿಗಳನ್ನು ಕಿತ್ತರು. ಬಳಿಕ 1991ರಿಂದ 2002ರವರೆಗೆ ಆ ದೇಶವು ಅಂತರ್ಯುದ್ಧದ ಬೆಂಕಿಯಲ್ಲಿ ಬೆಂದಿತು. ಇಷ್ಟೆಲ್ಲ ಆದ ಮೇಲೆ, 2004ರಲ್ಲಿ, ಸ್ಟೀವ್ ಡೇವಿಸ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯು ರಾಜಧಾನಿಯಾದ ಫ್ರೀಟೌನಿನ ಹಳೆಯ ರೈಲ್ವೆ ಕಾರ್ಖಾನೆಯ ಬಾಗಿಲು ತೆರೆಯಿಸಿ ನೋಡಲಾಗಿ, ಲೀಡ್ಸ್ ಪಟ್ಟಣದ ಹನ್ಸ್‌ಲೆಟ್ ಮೊದಲಾದ ಕಂಪೆನಿಗಳ ಉಗಿ ಎಂಜಿನ್ನುಗಳು ತುಕ್ಕು ಹಿಡಿದು, ಆದರೂ ನಿಂತಲ್ಲಿಯೇ ನಿಂತಿದ್ದುವು. ಯುದ್ಧದಿಂದ ಮನೆಮಾರು ಕಳೆದುಕೊಂಡವರು ಅದೇ ಕಟ್ಟಡದಲ್ಲಿ ತಲೆಮರೆಸಿಕೊಂಡು ಬಾಳಿದ್ದರು; ಹಳೆಯ ಕಬ್ಬಿಣಕ್ಕೆ ಬೆಲೆ ಬರುವುದನ್ನು ಅವರೇನು ಅರಿಯದವರಲ್ಲ. ಮರುವರ್ಷವೇ, ಎಂದರೆ 2005ರಲ್ಲಿ, ಅಲ್ಲಿ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯವು ಪ್ರಾರಂಭವಾಯಿತು.

ಆ ರೈಲುದಾರಿಯ ಅಗಲ 2 ಅಡಿ 6 ಅಂಗುಲ. ನಮ್ಮ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ ಚಿಕ್ಕ ರೈಲಿನ ಅಗಲವೂ ಅಷ್ಟೇ. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಕೋಲಾರದವರೆಗಿನ ಭಾಗವು 1913ರಲ್ಲಿಯೂ, ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಹೆಸರಿನ ಈಚೆಯ ಭಾಗವು 1915ರ ಸುಮಾರಿನಲ್ಲಿಯೂ ಸಂಚಾರಕ್ಕೆ ತೆರೆದುವು. ಗುಂತಕಲ್ಲಿನ ಕಡೆಯ ಮೀಟರ್‌ಗೇಜು ಯಲಹಂಕದಲ್ಲಿ ಇದನ್ನು ಸಂಧಿಸುತ್ತಿದ್ದುದರಿಂದ, ಜನರೂ ಮೂಟೆಗಳೂ ಅಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಈ ಕಷ್ಟವನ್ನು ನಾವು ಮರೆತಿಲ್ಲ. ಮೊದಲು ಚಿಕ್ಕಬಳ್ಳಾಪುರದವರೆಗೂ, 2013ರಲ್ಲಿ ಅಲ್ಲಿಂದ ಕೋಲಾರದವರೆಗೂ ಬ್ರಾಡ್‌ಗೇಜು ಆದುದು ಪ್ರಜೆಗಳಿಗೆ ಉಪಕಾರವೇ ಸರಿ. ಹಳೆಯದೆಂಬ ಒಂದೇ ಕಾರಣದಿಂದ ರೈತನ ಮಾಲನ್ನು ಎರಡು ಸಲ ಇಳಿಸಿ ಏರಿಸಬೇಕೆಂದು ವಾದಿಸುವವರು ನಾವಲ್ಲ.

ಆದರೆ ದಾರಿಯನ್ನು ಅಗಲ ಮಾಡುವುದು ಬೇರೆ, ಅದರ ನೆನಪನ್ನು ಗುಜರಿಗೆ ಹಾಕುವುದು ಬೇರೆ. ಇಂಗ್ಲೆಂಡಿನ ಸ್ಟಾಫರ್ಡ್ ಪಟ್ಟಣದ ಬ್ಯಾಗ್ನಾಲ್ ಕಂಪೆನಿಯವರು ಮಾಡಿದ ಇ.ಎಸ್. 506 ಎಂಬ ಎಂಜಿನ್ನನ್ನು ನೋಡಬೇಕಾದರೆ ಇಂದು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1979ರಲ್ಲಿ ಅದನ್ನು ಏರ್ಪಡಿಸಿದ ಮಹನೀಯರಿಗೆ ನಮ್ಮ ವಂದನೆಗಳು ಸಲ್ಲಬೇಕು. ನಂದಿ ಹಾಲ್ಟ್, ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿಗಳ ಹಳೆಯ ಸ್ಟೇಷನ್ ಕಟ್ಟಡಗಳನ್ನು ಉಳಿಸುವ ವಿಷಯದಲ್ಲಿ ಇಂಟ್ಯಾಕ್ ಸಂಸ್ಥೆಯವರು ಪಟ್ಟ ಶ್ರಮವೂ ಶ್ಲಾಘ್ಯವಾದುದು. ಆದರೆ ಕಟ್ಟಡ ಒಂದೆಡೆ, ಎಂಜಿನ್ನು ನೂರು ಮೈಲಿಯಾಚೆ ಇನ್ನೊಂದೆಡೆ ಎಂದರೆ, ದೇವರಿಲ್ಲದ ಗುಡಿಯಂತಾಯಿತು.

ಇವು ಪರದೇಶಿಯರ ಯಂತ್ರಗಳು, ಪರರ ಆಳ್ವಿಕೆಯ ಗುರುತುಗಳು, ಇವುಗಳ ಮೇಲೆ ಸ್ವದೇಶಾಭಿಮಾನಿಗಳಿಗೇಕೆ ಇಷ್ಟು ವ್ಯಾಮೋಹ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಕಬ್ಬಿಣವು ಇಂಗ್ಲೆಂಡಿನದೆಂಬುದು ನಿಜ. ಆದರೆ ಹಳಿ ಹಾಯ್ದ ಭೂಮಿ ಮೈಸೂರು ಸೀಮೆಯದು. ಟಿಕೆಟ್ಟಿಗೆ ಕೊಟ್ಟ ಕಾಸು ಶಿಡ್ಲಘಟ್ಟದ ರೇಷ್ಮೆಯವನದು, ಚಿಂತಾಮಣಿಯ ವರ್ತಕನದು. ಬಾಯ್ಲರಿನ ಮುಂದೆ ಬೆಂದು ಕಲ್ಲಿದ್ದಲು ಎಸೆದ ಕೈ ನಮ್ಮವರದು. ಬೆಲೆ ಕೊಟ್ಟು ಕೊಂಡು, ಬೆವರು ಸುರಿಸಿ ದುಡಿಸಿದ ವಸ್ತುವನ್ನು ಮಾಡಿದವನ ಹೆಸರು ನೋಡಿ ಪರರದೆನ್ನುವುದು ಯಾವ ಲೆಕ್ಕ? ಡಾರ್ಜಿಲಿಂಗಿನ ಒಂದು ಎಂಜಿನ್ನು 1962ರಲ್ಲಿ ಅಮೆರಿಕಕ್ಕೆ ಮಾರಾಟವಾಗಿ, 2002ರಲ್ಲಿ ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಹೊಗೆಯುಗುಳುತ್ತ ಓಡಿತು. ನಾವು ಬೇಡವೆಂದುದನ್ನು ಬೇಕೆನ್ನುವವರು ಏಳು ಸಮುದ್ರಗಳಾಚೆಯೂ ಇರುವರು.

ಈಗ ಈ ಮಾತನ್ನೆತ್ತಲು ಕಾರಣವುಂಟು. ಬೆಂಗಳೂರು ಉಪನಗರ ರೈಲಿನ ಒಂದು ಮಾರ್ಗವು ನಗರದಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಸುಮಾರು 41 ಕಿಲೋಮೀಟರು ಹೋಗಬೇಕೆಂದು 2020ರಲ್ಲಿಯೇ ಮಂಜೂರಾಗಿದೆ. ಯಂತ್ರಗಳು ಬಂದು ನೆಲ ಅಗೆಯುವ ಮೊದಲು, ಹಳೆಯ ದಾರಿಯ ನೀರಿನ ತೊಟ್ಟಿ, ಚಿಕ್ಕ ಸೇತುವೆ, ಹಳಿಯ ತುಂಡು, ಸಿಗ್ನಲ್ ಕಂಬ, ಮೈಲಿಗಲ್ಲು, ಕಡತ, ಇವುಗಳಲ್ಲಿ ಏನೇನು ಉಳಿದಿದೆಯೆಂದು ನೈಋತ್ಯ ರೈಲ್ವೆಯವರು ಒಂದು ಪಟ್ಟಿಯನ್ನು ಮಾಡಿಸಿ ಸಾರ್ವಜನಿಕರ ಮುಂದಿಡಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಇದಕ್ಕೆ ಬೇಕಾದುದು ಲಕ್ಷಾಂತರ ರೂಪಾಯಿಯಲ್ಲ. ಒಬ್ಬ ಎಂಜಿನಿಯರು, ಒಬ್ಬ ಗುಮಾಸ್ತ, ಕೆಲವು ವಾರಗಳ ಅವಧಿ, ಇಷ್ಟೆ. ಆ ಗಾಡಿಗಳಲ್ಲಿ ಡ್ರೈವರು, ಫೈರ್‌ಮನ್ನು, ಗಾರ್ಡುಗಳಾಗಿ ದುಡಿದವರ ಮಾತುಗಳನ್ನಂತೂ ಇನ್ನೂ ಬೇಗ ಬರೆದಿಟ್ಟುಕೊಳ್ಳಬೇಕು. ತಗಡು ತುಕ್ಕು ಹಿಡಿದು ಕಾಯಬಲ್ಲುದು, ವೃದ್ಧನು ಕಾಯಲಾರನು.

1984ರಿಂದ ದೇಶದ ರೈಲುಗಳಿಗೆ ಗಾಲಿ, ಅಚ್ಚುಗಳನ್ನು ಮಾಡಿಕೊಡುತ್ತಿರುವ ಕಾರ್ಖಾನೆಯು ಯಲಹಂಕದಲ್ಲಿಯೇ ಇದೆ. ಚಿಕ್ಕ ಹಳಿಯ ಎಂಜಿನ್ನೊಂದನ್ನು ಸ್ಟೇಷನ್ನಿನ ಅಂಗಳದಲ್ಲಿ ನೆರಳು ಮಾಡಿ ನಿಲ್ಲಿಸಲು, ಅದರ ಪಕ್ಕದಲ್ಲಿ ಕನ್ನಡದಲ್ಲಿ ಅದರ ಚರಿತ್ರೆಯನ್ನು ಬರೆಯಿಸಲು ಬೇಕಾದ ಕೈಗಳು ಊರಿನೊಳಗೇ ಉಂಟು. ಯಲಹಂಕ, ದೇವನಹಳ್ಳಿಗಳ ಪ್ರತಿನಿಧಿಗಳು ರೈಲ್ವೆ ಅಧಿಕಾರಿಗಳನ್ನು ಕಂಡು ಈ ಮಾತನ್ನು ಲಿಖಿತವಾಗಿ ಕೇಳಲಿ; ಬರುವ ಉತ್ತರವನ್ನು ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.